ಅಗ್ಗದ ಎಸ್‌ಇಒ ಲಾಗಿನ್ ತಗೊಳ್ಳಬೇಕಾ?

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಕೌಲ್ ಬಜಾರ್ ಕಡೆಯ ಹುಡುಗರು ಕೇಳುತ್ತಲೇ ಇರುತ್ತಾರೆ: "ಅಣ್ಣಾ, ಸೆಮ್‌ರಷ್, ಏಚ್‌ರೆಫ್ಸ್ ಎರಡೂ ಕೆಲವೇ ನೂರು ರೂಪಾಯಿಗೆ ಸಿಗ್ತಾವಂತೆ. ತಗೊಳ್ಳೋಣೇನು?"

ಇವೆರಡೂ ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ಮಾಡುವ ಕೆಲಸದ ಸಾಧನಗಳು. ಆಸೆ ಸಹಜ. ಸೆಮ್‌ರಷ್ ಪ್ರೊ ಚಂದಾ ತಿಂಗಳಿಗೆ ನೂರು ಡಾಲರ್‌ಗಿಂತ ಜಾಸ್ತಿ. ಹೊಸಬರಿಗೆ ಅಷ್ಟು ಸಂಪಾದನೆಯೇ ಇರುವುದಿಲ್ಲ, ಅಲ್ವಾ?

ಆದರೂ ನಾನು ಬೇಡ ಅನ್ನುತ್ತೇನೆ. ಈ ಅಗ್ಗದ ಲಾಗಿನ್ ಅಂದರೆ, ಒಬ್ಬ ಖಾತೆ ಕೊಂಡು, ಅದನ್ನೇ ಬಹಳ ಜನಕ್ಕೆ ಮಾರುತ್ತಾನೆ. ಎಷ್ಟೋ ಕಡೆ ಪಾಸ್‌ವರ್ಡ್ ಕೊಡುವುದಿಲ್ಲ. ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಷನ್ (ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಹಾಕಿಸಿ, ಕುಕಿ (ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರ್ ಮಾಹಿತಿ) ಮೂಲಕ ಒಳಗೆ ಬಿಡುತ್ತಾರೆ. ನನಗೆ ಹೆದರಿಕೆ ಇರುವುದು ಇಲ್ಲೇ. ಎಲ್ಲ ಸೈಟ್‌ಗಳಿಗೂ ಅನುಮತಿ ಪಡೆದ ಎಕ್ಸ್‌ಟೆನ್ಷನ್, ಅದೇ ಬ್ರೌಸರ್‌ನಲ್ಲಿ ತೆರೆದಿರುವ ಗಿರಾಕಿಯ ಮೇಲ್, ಸೈಟಿನ ಅಡ್ಮಿನ್ ಪುಟ ಎಲ್ಲವನ್ನೂ ಓದಬಲ್ಲದು. ನಂಬಿ ಕೀಲಿ ಕೊಟ್ಟವರ ಮನೆ ಅದು. ಜೊತೆಗೆ ದಿನದ ಬಳಕೆಯ ಮಿತಿ ಎಲ್ಲರಿಗೂ ಸೇರಿ ಒಂದೇ. ಹೀಗೆ ಮಾರುವುದು ಕಂಪನಿಯ ನಿಯಮಕ್ಕೂ ವಿರುದ್ಧ, ಖಾತೆ ಯಾವಾಗ ಬೇಕಾದರೂ ಬಂದ್ ಆಗಬಹುದು.

ಬದಲಿಗೆ ಪುಕ್ಕಟೆ ಸಾಧನಗಳಿವೆ. ಸೈಟು ಗೂಗಲ್‌ನಲ್ಲಿ ಹೇಗೆ ಬರುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ. 16 ತಿಂಗಳ ಮಾಹಿತಿ ಇಡುತ್ತದೆ. ಒಂದು ಘಟಕದ ಸೈಟು "ಬಳ್ಳಾರಿ ಜೀನ್ಸ್ ಹೋಲ್‌ಸೇಲ್" ಅಂತ ಹುಡುಕಿದರೆ ಎರಡನೇ ಪುಟದಲ್ಲಿ ಬರುತ್ತಿತ್ತು. ಅದು ಗೊತ್ತಾಗಿದ್ದು ಕನ್ಸೋಲ್‌ನಲ್ಲೇ. ಏಚ್‌ರೆಫ್ಸ್ ವೆಬ್‌ಮಾಸ್ಟರ್ ಟೂಲ್ಸ್ ನಿಮ್ಮದೇ ಸೈಟಿಗೆ ಪುಕ್ಕಟೆ. ಸೈಟಿನ ಪುಟಗಳನ್ನು ಜಾಲಾಡಿ ತಪ್ಪು ಹುಡುಕುವ ಸ್ಕ್ರೀಮಿಂಗ್ ಫ್ರಾಗ್ 500 ಯುಆರ್‌ಎಲ್‌ (ಪುಟದ ವಿಳಾಸ) ವರೆಗೆ ದುಡ್ಡು ಕೇಳುವುದಿಲ್ಲ. ನಮ್ಮೂರಿನ ಸಣ್ಣ ಘಟಕದ ಸೈಟಿಗೆ ಅಷ್ಟು ಧಾರಾಳ ಸಾಕು.

ಹಂಚಿಕೊಳ್ಳಲೇಬೇಕು ಅಂದರೆ ಗೆಳೆಯರು ಒಂದೇ ತಂಡವಾಗಿ ಕೆಲಸ ಮಾಡಿ, ಹೆಚ್ಚುವರಿ ಯೂಸರ್‌ಗೆ ಕಂಪನಿಗೇ ದುಡ್ಡು ಕಟ್ಟಿ.