ಕೆಟ್ಟಿದ್ದು ಒಂದು ಓ-ರಿಂಗ್, ಬಿಚ್ಚಿದ್ದು ನಾಲ್ಕು ಇಂಜೆಕ್ಟರ್

ಗ್ಯಾರೇಜಿನಲ್ಲಿ ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ನನ್ನ ಕೈಗೆ ಬಂದ ಹೊಸದರಲ್ಲಿ ಸ್ವಲ್ಪ ಜಂಬ ಇತ್ತು. ಗಾಡಿ ಬಂದ ತಕ್ಷಣ ಚುಚ್ಚೋದು, ಕೋಡ್ ಓದೋದು, ಪಾರ್ಟ್ ಹೆಸರು ಹೇಳೋದು. ಆ ಜಂಬ ಇಳಿಸಿದ್ದು ಒಂದು ಹಳೇ ಡೀಸೆಲ್ ವ್ಯಾನ್.

ಅದರ ಮಾಲೀಕರು ವ್ಯಾನ್ ಕೊಂಡು ಒಂದು ತಿಂಗಳಾಗಿತ್ತು. ದೂರು ಇಷ್ಟೇ: ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎರಡು ಮೂರು ಸೆಕೆಂಡ್ ಓಡಿ ಆಫ್ ಆಗುತ್ತದೆ. ಆಮೇಲೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುವ ಹೊತ್ತಿಗೆ ಹೇಗೋ ಹತ್ತಿಕೊಳ್ಳುತ್ತದೆ. ಒಮ್ಮೆ ಹತ್ತಿಕೊಂಡರೆ ದಿನವಿಡೀ ತಕರಾರಿಲ್ಲ. ಸ್ಕ್ಯಾನರ್ ಹಾಕಿದೆ. ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ) ಕಡಿಮೆ ಅಂತ ಬಂತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆ ಅಂತ ನಾನೇ ತೀರ್ಮಾನ ಮಾಡಿ ನಾಲ್ಕನ್ನೂ ಬಿಚ್ಚಿ ಟೆಸ್ಟಿಂಗ್‌ಗೆ ಕಳಿಸಿದೆ. ನಾಲ್ಕೂ ಚೆನ್ನಾಗಿವೆ ಅಂತ ವಾಪಸ್ ಬಂದವು. ಜೋಡಿಸಿದೆ. ಮಾರನೇ ದಿನ ಬೆಳಿಗ್ಗೆ ಅದೇ ರಾಗ. ಹಾಗಾದರೆ ಪಂಪೇ ಹೋಗಿದೆ ಅಂದೆ. ಮಾಲೀಕರ ಮುಖ ಸಪ್ಪಗಾಯಿತು.

ಅಷ್ಟೊತ್ತಿಗೆ ನಮ್ಮ ಮೇಸ್ತ್ರಿ ಕೈ ಒರೆಸಿಕೊಂಡು ಬಂದರು. ಸ್ಕ್ಯಾನರ್ ಕಡೆ ನೋಡಲೂ ಇಲ್ಲ.

"ಸಾರ್, ಗಾಡಿ ತಗೊಂಡ ಮೇಲೆ ಏನೇನು ಕೆಲಸ ಮಾಡಿಸಿದ್ರಿ?"

"ಮಾಮೂಲಿ ಸರ್ವೀಸ್ ಅಷ್ಟೇ. ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್."

"ಈ ಕಾಟ ಶುರುವಾಗಿದ್ದು ಅದಾದ ಮೇಲೇನಾ?"

ಅವರು ಒಂದು ಕ್ಷಣ ಯೋಚಿಸಿದರು. "ಹೌದಲ್ವಾ!"

ನಾನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ.

ಮೇಸ್ತ್ರಿ ಫಿಲ್ಟರ್‌ಗೂ ಪಂಪಿಗೂ ನಡುವಿನ ಕಪ್ಪು ಪೈಪ್ ತೆಗೆದು, ಆ ಜಾಗಕ್ಕೆ ಗೇಣುದ್ದದ ಪಾರದರ್ಶಕ ಪೈಪ್ ಹಾಕಿಸಿದರು. ಸೆಲ್ಫ್ ಹೊಡಿ ಅಂದರು. ಹೊಡೆದೆ. ಡೀಸೆಲ್ ಬಂತು, ಅದರ ಹಿಂದೆಯೇ ಗುಳ್ಳೆ. ಒಂದಲ್ಲ ಎರಡಲ್ಲ, ಸೋಡಾ ಬಾಟಲಿ ತೆರೆದ ಹಾಗೆ ಸಾಲುಸಾಲು. ಫಿಲ್ಟರ್ ಮುಚ್ಚಳ ಬಿಚ್ಚಿ ನೋಡಿದರೆ ಓ-ರಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರ್ ಬಳೆ, ಹೊಸದೇ. ಆದರೆ ಕೂರಿಸುವಾಗ ಡೀಸೆಲ್ ಸವರಿಲ್ಲ, ಒಣಗಿದ್ದನ್ನೇ ತುರುಕಿ ಮುಚ್ಚಳ ತಿರುಗಿಸಿದ್ದಾರೆ. ಒಂದು ಕಡೆ ತಿರುಚಿಕೊಂಡು, ಕತ್ತರಿಸಿ ಬಿಸಾಡಿದ ಉಗುರಿನಷ್ಟು ಚೂರು ಎದ್ದು ಹೋಗಿತ್ತು.

ಹೊರಗೆ ಒಂದು ಹನಿ ಡೀಸೆಲ್ ಇರಲಿಲ್ಲ. ನಾನು ಮೋಸ ಹೋಗಿದ್ದು ಅಲ್ಲೇ. ಈ ವ್ಯಾನಿನಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆಯುವುದು ಎಂಜಿನ್ ಪಕ್ಕದ ಪಂಪೇ. ಅಂದರೆ ಫಿಲ್ಟರ್ ಇರುವುದು ಎಳೆತದ ಬದಿಯಲ್ಲಿ. ಅಲ್ಲಿ ಸಂದಿ ಬಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಗಾಡಿ ನಿಂತಾಗ ಆ ಸಂದಿಯಿಂದ ಗಾಳಿ ನುಗ್ಗಿ, ಲೈನಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು ಹೋಗುತ್ತದೆ. ಬೆಳಿಗ್ಗೆ ಪಂಪಿನಲ್ಲಿ ಉಳಿದ ಚೂರು ಡೀಸೆಲ್‌ನಲ್ಲಿ ಎಂಜಿನ್ ಎರಡು ಸೆಕೆಂಡ್ ಓಡಿ, ಗಾಳಿ ಬಂದ ಕೂಡಲೇ ನಿಲ್ಲುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ, ಪ್ರೆಶರ್ ಏರುವುದಿಲ್ಲ. ಇಂಥ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ರೈಲ್) ಎಂಜಿನ್‌ಗಳಲ್ಲಿ ಸೆಲ್ಫ್ ಹೊಡೆಯುವಾಗ ಸಾಮಾನ್ಯವಾಗಿ 200 ಬಾರ್ ಆಸುಪಾಸು ಪ್ರೆಶರ್ ಬರುವ ತನಕ ಇಂಜೆಕ್ಟರ್ ಬಾಯಿ ಬಿಡುವುದಿಲ್ಲ. ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ಪ್ರೆಶರ್ ಇಲ್ಲ ಅಂತ ಹೇಳಿತ್ತು. ಯಾಕಿಲ್ಲ ಅಂತ ಹುಡುಕಬೇಕಾದವನು ನಾನು.

(ಟ್ಯಾಂಕಿನೊಳಗೇ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಗಳಲ್ಲಿ ಕಥೆ ಉಲ್ಟಾ. ಅಲ್ಲಿ ಡೀಸೆಲ್ ತಳ್ಳಿಕೊಂಡು ಬರುವುದರಿಂದ ಸೋರಿದರೆ ಹೊರಗೇ ಒದ್ದೆ ಕಾಣುತ್ತದೆ.)

ಓ-ರಿಂಗ್ ಹಾಕಿ ಗಾಡಿ ಕಳಿಸಿದೆವು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ವಾರಕ್ಕೆ ಅದೇ ವ್ಯಾನ್ ಮತ್ತೆ ಬಂತು. ಸ್ಟಾರ್ಟಿಂಗ್ ಸರಿಯಿದೆ, ಆದರೆ ಎಂಜಿನ್ ಚಫ್ ಚಫ್ ಅಂತ ಉಸಿರು ಬಿಡುತ್ತಿದೆ, ಕ್ಯಾಬಿನ್ ಒಳಗೆ ಹೊಗೆ ವಾಸನೆ. ಕವರ್ ತೆಗೆದರೆ ಮೂರನೇ ಇಂಜೆಕ್ಟರ್ ಸುತ್ತ ಟಾರ್ ಸುರಿದ ಹಾಗೆ ಕಪ್ಪು ಗಟ್ಟಿಯಾಗಿತ್ತು. ಇಂಜೆಕ್ಟರ್ ತಳದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಸಿಲಿಂಡರಿನ ಗ್ಯಾಸ್ ಮೇಲೆ ಬರದಂತೆ ತಡೆಯುವುದು ಅದೇ. ನಾನು ವಾಷರ್ ಏನೋ ಹೊಸದು ಹಾಕಿದ್ದೆ, ಆದರೆ ಅದು ಕೂರುವ ಜಾಗದ ಮಸಿ ಪೂರ್ತಿ ಕೆರೆದಿರಲಿಲ್ಲ. ಒಂದು ಕಾಳಿನಷ್ಟು ಮಸಿ ಉಳಿದಿದ್ದರೂ ಸಾಕು, ಗ್ಯಾಸ್ ದಾರಿ ಮಾಡಿಕೊಳ್ಳುತ್ತದೆ. ಆ ಗಟ್ಟಿ ಮಸಿಯಲ್ಲಿ ಸಿಕ್ಕಿಕೊಂಡ ಇಂಜೆಕ್ಟರ್ ಎಳೆಯಲು ಅರ್ಧ ದಿನ ಹೋಯಿತು. ಬಿಚ್ಚುವ ಅಗತ್ಯವೇ ಇಲ್ಲದ ಇಂಜೆಕ್ಟರ್ ಅದು. ದುಡ್ಡು ಕೇಳುವ ಮುಖ ನನಗಿರಲಿಲ್ಲ.

ಆಮೇಲಿಂದ ಸ್ಪ್ಯಾನರ್ ಎತ್ತುವ ಮೊದಲು ಮಾಲೀಕರ ಜೊತೆ ಐದು ನಿಮಿಷ ಮಾತಾಡುತ್ತೇನೆ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ? ಖಾಲಿ ಗಾಡಿಗೋ ಲೋಡ್ ಇದ್ದಾಗಲೋ? ಇದಕ್ಕೆ ಮೊದಲು ಯಾರು ಏನು ಮುಟ್ಟಿದ್ದರು?

ಹೊಗೆಯನ್ನೂ ನೋಡುತ್ತೇನೆ. ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಜೊತೆಗೆ ಪಿಕಪ್ ಸತ್ತಿದ್ದು, ಎಕ್ಸಲರೇಟರ್ ಒತ್ತಿದಾಗ ಬುಸ್ ಅಂತ ಸದ್ದು ಬಂದರೆ ಎಂಜಿನ್‌ಗೆ ಗಾಳಿ ತುಂಬುವ ಟರ್ಬೋದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಮೇಲೆ ಕೈ ಆಡಿಸಿ. ಸೀಳು ಬಹಳ ಸಲ ಕೆಳಗಿನ ಮಗ್ಗುಲಲ್ಲಿ ಇರುತ್ತದೆ, ಕಣ್ಣಿಗೆ ಬೀಳಲ್ಲ. ಎಂಜಿನ್ ಆಫ್ ಇದ್ದಾಗ ಸೀಳಿನ ತುಟಿ ಕೂಡಿಕೊಂಡಿರುತ್ತದೆ ಬೇರೆ. ಹೋಸ್ ಸರಿಯಿದ್ದರೆ ಏರ್ ಫಿಲ್ಟರ್, ಆಮೇಲೆ ಮಸಿ ಹಿಡಿದು ತೆರೆದೇ ನಿಂತ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್). ಟರ್ಬೋ ಬದಲಾಯಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ನೀಲಿ ಹೊಗೆ ಆಯಿಲ್ ಸುಡುವುದು, ಅದು ಟರ್ಬೋ ಸೀಲಿನಿಂದಲೂ ಬರಬಹುದು, ಪಿಸ್ಟನ್ ರಿಂಗ್ ಸವೆದೂ ಬರಬಹುದು. ಬಿಳಿ ಹೊಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಬಂದು ಆಮೇಲೆ ಹೋದರೆ ಸ್ಟಾರ್ಟಿಗೆ ಮೊದಲು ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ನೋಡಿ. ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲೆಂಟ್ ಸಿಲಿಂಡರಿಗೆ ಹೋಗುತ್ತಿದೆ.

ಹೀಟರ್ ಪ್ಲಗ್ ವಿಷಯಕ್ಕೆ ಒಂದು ಮಾತು. ತಣ್ಣನೆಯ ಎಂಜಿನ್‌ನಲ್ಲಿ ಜೋರು ಮಾಡಿ ತಿರುಗಿಸಬೇಡಿ. ಹೆಡ್ (ಸಿಲಿಂಡರುಗಳ ಮೇಲಿನ ಲೋಹದ ಮುಚ್ಚಳ) ಒಳಗೇ ಮುರಿಯುತ್ತದೆ. ಎಂಜಿನ್ ಬಿಸಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾಯಬೇಕು. ಆಗಲೂ ಬರದಿದ್ದರೆ ಮತ್ತೆ ಕಾಯಬೇಕು.

ಗಾಡಿ ಬಿಸಿ ಆಗುತ್ತದೆ ಅಂದ ಕೂಡಲೇ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್) ಅನ್ನುವವರು ಜಾಸ್ತಿ. ನಿಂತಲ್ಲೇ ಬಿಸಿಯಾಗಿ, ಓಡುವಾಗ ತಣ್ಣಗಾದರೆ ಫ್ಯಾನ್ ನೋಡಿ. ಲೋಡ್ ಎಳೆಯುವಾಗ ಮಾತ್ರ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ರೇಡಿಯೇಟರ್ ಕ್ಯಾಪ್ ಕೂಡ ಮರೆಯಬೇಡಿ. ಅದು ಸುಮಾರು 1 ಬಾರ್ ಪ್ರೆಶರ್ ಹಿಡಿದಿಟ್ಟರೆ ನೀರು 120 ಡಿಗ್ರಿ ತನಕ ಕುದಿಯಲ್ಲ, ಸ್ಪ್ರಿಂಗ್ ಸತ್ತರೆ 100ಕ್ಕೇ ಕುದಿಯುತ್ತದೆ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಮಾತ್ರ ನನಗೂ ಗ್ಯಾಸ್ಕೆಟ್ ಮೇಲೆ ಅನುಮಾನ ಬರುತ್ತದೆ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ವ್ಯಾನಿನಲ್ಲಿ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡಿ. ಚಿಕ್ಕ ಚಿಕ್ಕ ಓಡಾಟದಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಆಯಿಲ್ ಜೊತೆ ಸೇರಿರುತ್ತದೆ. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಇನ್ನೊಂದು, ಜೀವಕ್ಕೆ ಸಂಬಂಧಿಸಿದ್ದು. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಗಾಳಿ ಬಿಡಿಸುತ್ತಿದ್ದೆವು. ಕಾಮನ್ ರೈಲ್‌ನಲ್ಲಿ ಹಾಗೆ ಮಾಡಲೇಬಾರದು. ಎಂಜಿನ್ ಓಡುವಾಗ ಅಲ್ಲಿ 1600 ಬಾರ್ ಅಥವಾ ಇನ್ನೂ ಜಾಸ್ತಿ ಏರಬಹುದು. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಕಳೆದ ವಾರ ಇನ್ನೊಂದು ವ್ಯಾನ್ ಬಂತು. ಸೆಲ್ಫ್ ಎಳೆದೂ ಎಳೆದೂ ತಿರುಗುತ್ತಿದೆ. ಬ್ಯಾಟರಿ ಹೊಸದು, ಸ್ಟಾರ್ಟರ್ ಮೋಟರೂ ಹೊಸದು, ಎರಡನ್ನೂ ಬೇರೆ ಕಡೆ ಹಾಕಿಸಿದ್ದರು. ಬ್ಯಾಟರಿ 12.6 ವೋಲ್ಟ್ ತೋರಿಸಿತು. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿದೆ. ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಇದು, ಅರ್ಧ ವೋಲ್ಟ್ ದಾಟಬಾರದು. 1.8 ತೋರಿಸಿತು. ಎಂಜಿನ್‌ಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಬಿಚ್ಚಿದರೆ ಅದರ ಕೆಳಗೆ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಎಮರಿ ಪೇಪರಿನಲ್ಲಿ ಎರಡೂ ಕಡೆ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. 0.2ಕ್ಕೆ ಇಳಿಯಿತು. ಕೀ ಮುಟ್ಟಿದರೆ ಸಾಕು, ಹತ್ತಿಕೊಂಡಿತು.

"ಏನು ಪಾರ್ಟ್ ಹಾಕಿದ್ರಿ?" ಅಂತ ಡ್ರೈವರ್ ಕೇಳಿದ.

"ಏನೂ ಇಲ್ಲಪ್ಪ, ಉಜ್ಜಿದೆ ಅಷ್ಟೇ."

ಅವನು ನಂಬಲಿಲ್ಲ. ಆಫ್ ಮಾಡಿ, ಆನ್ ಮಾಡಿ, ಐದು ಸಲ ಸ್ಟಾರ್ಟ್ ಮಾಡಿ ನೋಡಿಕೊಂಡೇ ಹೊರಟ.