ರಾಬಿ ಬಾಶೋ ಗಿಟಾರಿಗೆ ಶ್ರುತಿ ಕೂಡಿಸುವುದು

ಅಮೆರಿಕದ ಗಿಟಾರ್ ವಾದಕ ರಾಬಿ ಬಾಶೋ (1940–1986) ಜಪಾನಿನ ಕವಿ ಬಾಶೋನ ಹೆಸರನ್ನೇ ತಮ್ಮದಾಗಿಸಿಕೊಂಡವರು. ಕ್ಯಾಲಿಫೋರ್ನಿಯಾದಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರ ಬಳಿ ಕಲಿತರು, ಆಧ್ಯಾತ್ಮಿಕ ಗುರು ಮೆಹರ್ ಬಾಬಾರ ಅನುಯಾಯಿಯಾದರು. ಉಕ್ಕಿನ ತಂತಿಯ ಜಾನಪದ ಗಿಟಾರ್ ರಾಗವನ್ನೂ ಹೊರಬಲ್ಲದು ಎಂದು ನಂಬಿ, ಒಂದೊಂದು ಶ್ರುತಿಗೂ ಒಂದು ಬಣ್ಣ, ಒಂದು ಭಾವ ಎಂದು ತಮ್ಮದೇ ಸಿದ್ಧಾಂತ ಕಟ್ಟಿದರು. ಅವರ ಭಕ್ತಿಯನ್ನು ಹಾಡಿನ ಮಾತಿಗಿಂತ ಮೊದಲು ಶ್ರುತಿ ಕೂಡಿಸುವ ಬಿರಡೆಯಲ್ಲಿ ಹುಡುಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅವರು ಮತ್ತೆ ಮತ್ತೆ ಬಳಸಿದ ಓಪನ್ ಸಿ ಶ್ರುತಿ ನಮ್ಮ ಕಿವಿಗೆ ಹೊಸದಲ್ಲ. ದಪ್ಪ ತಂತಿಯಿಂದ ಶುರುಮಾಡಿದರೆ ಸ, ಪ, ಸ, ಪ, ಸ, ಗ. ಮಾಮೂಲಿ ಶ್ರುತಿಯಿಂದ 6ನೇ (ಅತಿ ದಪ್ಪ) ತಂತಿಯನ್ನು ನಾಲ್ಕು ಸೆಮಿಟೋನ್ (ಅರ್ಧ ಸ್ವರದ ಅಂತರ), 5 ಮತ್ತು 4ನೆಯದನ್ನು ಎರಡೆರಡು ಇಳಿಸಿ, 2ನೆಯದನ್ನು ಒಂದು ಏರಿಸಿ. 3 ಮತ್ತು 1 ಇದ್ದಂತೆಯೇ ಇರಲಿ. ಒಂದು ಸುತ್ತಿಗೆ ಕೂಡುವುದಿಲ್ಲ: ಇಳಿಸಿದಷ್ಟೂ ಕತ್ತಿನ ಮೇಲಿನ ಬಿಗಿ ಕಡಿಮೆಯಾಗಿ ಉಳಿದ ತಂತಿಗಳು ಏರುತ್ತವೆ. ಎರಡು ಮೂರು ಸುತ್ತು ಬೇಕು.

6ನೇ ತಂತಿ ಸಡಿಲಾಗಿ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಬಡಿದು ಝರ್ ಎನ್ನುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರವಿಟ್ಟಾಗ ಹುಟ್ಟುವ ಝೇಂಕಾರ ಇದಲ್ಲ, ನಾದವನ್ನೇ ನುಂಗುವ ಸದ್ದು. 0.053 ಇಂಚಿನ ತಂತಿ ತೆಗೆದು 0.056 ಅಥವಾ 0.059 ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಹನ್ನೆರಡು ತಂತಿಯ ಗಿಟಾರಿನಲ್ಲಿ ಮೊದಲು ತುಂಡಾಗುವುದು 3ನೇ ಜೋಡಿಯ ತೆಳು ತಂತಿ. ಅದು ಒಂದು ಸ್ಥಾಯಿ ಮೇಲಿನ ಪಂಚಮ, ಆದ್ದರಿಂದ ಬಿರಡೆಯನ್ನು ನಿಧಾನವಾಗಿ ತಿರುಗಿಸಿ.

ಕಷ್ಟವಿರುವುದು ಗಾಂಧಾರದಲ್ಲಿ. ಟ್ಯೂನರ್ ತೋರಿಸುವ ಗ, ತಂಬೂರಿಯಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿರುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿ, 1ನೆಯದನ್ನು ಕೂದಲೆಳೆಯಷ್ಟು ಇಳಿಸುತ್ತ ಹೋಗಿ. ಅಲೆಯಂತೆ ಬರುವ ನಡುಕ ನಿಧಾನವಾಗಿ ನಿಲ್ಲುವ ಜಾಗ ಸಿಗುತ್ತದೆ. ಪೂರ್ತಿ 14 ಇಳಿಸಿದರೆ ಅದೇ ತಂತಿಯ 3ನೇ ಫ್ರೆಟ್ಟಿನ ಪಂಚಮ ಅಪಸ್ವರವಾಗುತ್ತದೆ. ಆ ತಂತಿಯನ್ನು ಫ್ರೆಟ್ಟಿನಲ್ಲಿ ಒತ್ತದೆ ಹಾಗೆಯೇ ಮೀಟುವುದಾದರೆ ಪೂರ್ತಿ ಇಳಿಸಿ, ಅದರಲ್ಲೇ ರಾಗ ನುಡಿಸುವುದಾದರೆ ಆರೇಳು ಸೆಂಟ್ ಸಾಕು.

ಹೆಬ್ಬೆರಳು ದಪ್ಪ ತಂತಿಗಳ ಸ–ಪ ಬಿಡದೆ ಹಿಡಿದಿರಲಿ, ಉಳಿದ ಬೆರಳುಗಳು ಮೇಲೆ ಆಲಾಪ ಮಾಡಲಿ. ತಾಳಕ್ಕೆ ಅವಸರ ಬೇಡ, ಮೀಟಿದ ನಾದ ಅರ್ಧದಷ್ಟಾದರೂ ಇಂಗಲಿ.

ಮೋಹನ, ಕಲ್ಯಾಣಿಗೆ ಇದೇ ಶ್ರುತಿ ಸಾಕು. ಖರಹರಪ್ರಿಯಕ್ಕೆ 1ನೇ ತಂತಿಯನ್ನು ಒಂದು ಸೆಮಿಟೋನ್ ಇಳಿಸಿ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಹಾಗಾಗಿ 1ನೆಯದನ್ನು ಹೀಗೆ ಇಳಿಸುವುದರ ಜೊತೆಗೆ 5 ಮತ್ತು 3ನೇ ತಂತಿಗಳನ್ನೂ ಇನ್ನೆರಡು ಸೆಮಿಟೋನ್ ಇಳಿಸಿ ಮಧ್ಯಮಕ್ಕೆ ತರಬೇಕು. ಆಗ 5ನೆಯದೂ ಸಡಿಲಾಗುತ್ತದೆ, ಅದಕ್ಕೂ ದಪ್ಪ ತಂತಿಯೇ ಬೇಕು.