ಪ್ರಾಜೆಕ್ಟ್ ಮ್ಯಾನೇಜರ್ ಮಾತು ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ನಡೆಯುವುದಿಲ್ಲ. ಯಾಕೆ?

ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: "ಹಳೆ ಕಂಪನಿಯಲ್ಲೂ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ, ಇಲ್ಲೂ ಅದೇ ಹುದ್ದೆ. ಅಲ್ಲಿ ಹೇಳಿದ ಕೆಲಸ ಆಗುತ್ತಿತ್ತು. ಇಲ್ಲಿ ದಿನವಿಡೀ ಫಾಲೋಅಪ್ ಮಾಡಿದರೂ ಏನೂ ಕದಲುವುದಿಲ್ಲ. ತಪ್ಪು ನನ್ನದೇ?"

ಬಹಳಷ್ಟು ಸಲ ತಪ್ಪು ನಿಮ್ಮದಲ್ಲ. ಹುದ್ದೆಯ ಹೆಸರು ಒಂದೇ ಆದರೂ ಎರಡು ಸಂಸ್ಥೆಗಳಲ್ಲಿ ಅಧಿಕಾರ ಕೂತಿರುವ ಜಾಗ ಬೇರೆ. ಅದನ್ನು ಕಂಡುಹಿಡಿಯಲು ಆರ್ಗ್ ಚಾರ್ಟ್ (ಯಾರ ಕೈಕೆಳಗೆ ಯಾರು ಎಂದು ತೋರಿಸುವ ಪಟ) ನೋಡಬೇಕಿಲ್ಲ. ನಿಮ್ಮ ತಂಡದಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಒಬ್ಬ ಟೆಸ್ಟರ್‌ನ ಉದಾಹರಣೆ ತೆಗೆದುಕೊಳ್ಳಿ. ಆಕೆಯ ರಜೆಗೆ ಒಪ್ಪಿಗೆ ಕೊಡುವವರು ಯಾರು? ವರ್ಷದ ಕೊನೆಗೆ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಬರೆಯುವವರು ಯಾರು? ನಾಳೆ ಬೆಳಿಗ್ಗೆ ಆಕೆಯನ್ನು ಬೇರೆ ಕೆಲಸಕ್ಕೆ ಎತ್ತಿಹಾಕಬಲ್ಲವರು ಯಾರು? ಮೂರಕ್ಕೂ ಉತ್ತರ "ವಿಭಾಗದ ಮುಖ್ಯಸ್ಥರು" ಎಂದಾದರೆ ನೀವು ಕೆಲಸ ಮಾಡುತ್ತಿರುವುದು ಫಂಕ್ಷನಲ್ ರಚನೆಯಲ್ಲಿ. ಮೂರೂ ನೀವೇ ಆದರೆ ಪ್ರಾಜೆಕ್ಟ್ ಆಧಾರಿತ ರಚನೆ. ಇಬ್ಬರ ನಡುವೆ ಹಂಚಿಹೋಗಿದ್ದರೆ ಮ್ಯಾಟ್ರಿಕ್ಸ್. ಬೆಂಗಳೂರಿನ ಐಟಿ ಸೇವಾ ಕಂಪನಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮೂರನೆಯದು, ಹೆಚ್ಚು ಗೊಂದಲ ಇರುವುದೂ ಇದರಲ್ಲೇ.

ಮೊದಲು ಫಂಕ್ಷನಲ್. ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಆರ್ಡರ್ ಒಂದು ವಿನ್ಯಾಸ, ಖರೀದಿ, ಫ್ಯಾಬ್ರಿಕೇಷನ್, ಜೋಡಣೆ, ಗುಣಮಟ್ಟ ಹೀಗೆ ಐದು ವಿಭಾಗ ದಾಟಬೇಕು. ಒಂದೊಂದರಲ್ಲೂ ಕೈಯಿಟ್ಟು ಮಾಡುವ ಕೆಲಸ ಮೂರು ದಿನದ್ದು ಎಂದುಕೊಂಡರೆ ಒಟ್ಟು 15 ದಿನ. ಆದರೆ ಒಂದು ವಿಭಾಗದಿಂದ ಮುಂದಿನದಕ್ಕೆ ಹೋದಾಗಲೆಲ್ಲ ಆ ಕಡತ ಅಲ್ಲಿನ ಸರದಿಯಲ್ಲಿ ಐದು ದಿನ ಕಾಯುತ್ತದೆ. ನಾಲ್ಕು ಹಸ್ತಾಂತರಕ್ಕೆ 20 ದಿನ. ಗ್ರಾಹಕರ ಕೈಗೆ ಪ್ಯಾನೆಲ್ ಸೇರುವುದು 35ನೇ ದಿನ. ಎಲ್ಲರೂ ಶೇ 10ರಷ್ಟು ಚುರುಕಾಗಿ ದುಡಿದರೆ ಉಳಿಯುವುದು ಒಂದೂವರೆ ದಿನ. ಪ್ರತಿ ಕಾಯುವಿಕೆಯನ್ನು ಐದರಿಂದ ಮೂರು ದಿನಕ್ಕೆ ಇಳಿಸಿದರೆ ಎಂಟು ದಿನ. ಇಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಸಂಬಳ ದುಡಿಯುವುದು ಆ ಎಂಟು ದಿನದಲ್ಲಿ. ಜನರನ್ನು ಅವಸರಪಡಿಸುವುದಕ್ಕಿಂತ ಹಸ್ತಾಂತರದ ತಾರೀಖುಗಳನ್ನು ಎರಡೂ ಕಡೆಯ ಮುಖ್ಯಸ್ಥರಿಂದ ಮೊದಲೇ ಬರೆಸಿಕೊಳ್ಳುವುದು ಮೇಲು.

ಇಲ್ಲಿ ಅಡ್ಡಿ ಬರುವುದು ಯಾರದೋ ಸೋಮಾರಿತನದಿಂದಲ್ಲ. ಖರೀದಿ ವಿಭಾಗವನ್ನು ಅಳೆಯುವುದು ಎಷ್ಟು ಅಗ್ಗಕ್ಕೆ ಕೊಂಡರು ಎಂಬುದರಿಂದ. ಆದ್ದರಿಂದ ಮೂರು ಆರ್ಡರ್ ಒಟ್ಟುಗೂಡಲಿ ಎಂದು ಅವರು ಕಾಯುತ್ತಾರೆ, ಅವರ ಲೆಕ್ಕದಲ್ಲಿ ಅದು ಸರಿಯೇ. ನಿಮ್ಮ ವಿಳಂಬ ಅವರ ಯಾವ ವರದಿಯಲ್ಲೂ ಕಾಣುವುದಿಲ್ಲ. ಹೀಗಾಗಿ ಫಂಕ್ಷನಲ್ ರಚನೆಯಲ್ಲಿ ಎಲ್ಲ ವಿಭಾಗಗಳಿಗೂ ಮೇಲಿರುವ ಒಬ್ಬ ಸ್ಪಾನ್ಸರ್, ಅಂದರೆ ಪ್ರಾಜೆಕ್ಟಿನ ಬೆನ್ನಿಗೆ ನಿಲ್ಲುವ ಹಿರಿಯ ಅಧಿಕಾರಿ, ಬೇಕೇ ಬೇಕು. ಅಂಥವರು ಇಲ್ಲದಿದ್ದರೆ ನೀವು ಸುದ್ದಿ ಮುಟ್ಟಿಸುವವರಾಗಿ ಉಳಿಯುತ್ತೀರಿ. ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ನೀರಿನ ಪೈಪಿಗೆಂದು ಮತ್ತೆ ಅಗೆಯುವುದನ್ನು ನಾವೆಲ್ಲ ನೋಡಿದ್ದೇವೆ. ಎರಡೂ ಇಲಾಖೆ ತಮ್ಮ ತಮ್ಮ ಕೆಲಸವನ್ನು ಮುಗಿಸಿರುತ್ತವೆ, ರಸ್ತೆಗೆ ಮಾತ್ರ ಮಾಲೀಕರಿರುವುದಿಲ್ಲ.

ಇನ್ನು ಮ್ಯಾಟ್ರಿಕ್ಸ್. ಟೆಸ್ಟರ್ ನಿಮ್ಮ ಪ್ರಾಜೆಕ್ಟಿಗೆ ಶೇ 50, ಪಕ್ಕದ ಪ್ರಾಜೆಕ್ಟಿಗೆ ಶೇ 50 ಎಂದು ಶೀಟಿನಲ್ಲಿ ಬರೆದಿರುತ್ತದೆ. ವಾರಕ್ಕೆ 40 ಗಂಟೆ, ಅಂದರೆ ನಿಮ್ಮ ಪಾಲಿಗೆ 20. ಈಗ ನಿಜವಾದ ಲೆಕ್ಕ ಮಾಡಿ. ಎರಡೂ ಪ್ರಾಜೆಕ್ಟಿನ ಮೀಟಿಂಗ್‌ಗಳಿಗೆ ತಲಾ ಐದು ಗಂಟೆ, ಆಕೆಯ ಸ್ವಂತ ವಿಭಾಗದ ಸಭೆ ಮತ್ತು ತರಬೇತಿಗೆ ಮೂರು ಗಂಟೆ, ಒಟ್ಟು 13 ಹೋಯಿತು. ಉಳಿದ 27ರಲ್ಲಿ ಅರ್ಧ ಎಂದರೆ ಹದಿಮೂರೂವರೆ. 160 ಗಂಟೆಯ ಟೆಸ್ಟಿಂಗ್ ಎಂಟು ವಾರದಲ್ಲಿ ಮುಗಿಯುತ್ತದೆ ಎಂದು ಪ್ಲಾನ್ ಹಾಕಿದ್ದೀರಿ, ಅದು ಹಿಡಿಯುವುದು ಸುಮಾರು 12 ವಾರ. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸಲು ಹೋಗುವ ಹೊತ್ತನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. ಇಬ್ಬರು ಮ್ಯಾನೇಜರ್‌ಗಳೂ ಆಕೆ ನಿಧಾನ ಎಂದು ದೂರುತ್ತಾರೆ. ಇದು ಆ ಹುಡುಗಿಗೆ ಆಗುವ ನಿಜವಾದ ಅನ್ಯಾಯ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವುದೂ ಇದೇ.

ಹಾಗೆಂದು ಮ್ಯಾಟ್ರಿಕ್ಸ್ ಕೆಟ್ಟದ್ದಲ್ಲ. ಮಂಗಳಯಾನವನ್ನೇ ನೋಡಿ. 2012ರ ಆಗಸ್ಟ್‌ನಲ್ಲಿ ಘೋಷಣೆಯಾಗಿ 2013ರ ನವೆಂಬರ್ 5ರಂದು ಉಡಾವಣೆಯಾಯಿತು. ನೌಕೆ ಬೆಂಗಳೂರಿನ ಉಪಗ್ರಹ ಕೇಂದ್ರದ್ದು, ರಾಕೆಟ್ ತಿರುವನಂತಪುರದ್ದು, ಉಡಾವಣೆ ಶ್ರೀಹರಿಕೋಟಾದಿಂದ, ಸಂಪರ್ಕದ ದೊಡ್ಡ ಆಂಟೆನಾ ಬೆಂಗಳೂರು ಬಳಿಯ ಬ್ಯಾಲಾಳಿನದು. ಪ್ರತಿ ಕೇಂದ್ರಕ್ಕೂ ತನ್ನದೇ ನಿರ್ದೇಶಕರು, ತನ್ನದೇ ಇತರ ಕೆಲಸಗಳು. ಪ್ರಾಜೆಕ್ಟ್ ನಿರ್ದೇಶಕರಾಗಿದ್ದ ಎಸ್. ಅರುಣನ್ ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸಬೇಕಿತ್ತು. ಭೂಮಿ ಮತ್ತು ಮಂಗಳ ಅನುಕೂಲದ ಸ್ಥಾನಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ. 2013 ತಪ್ಪಿದರೆ 2016. ಯಾವ ಕೆಲಸ ಮೊದಲು ಎಂಬ ಚರ್ಚೆಗೆ ಅಲ್ಲಿ ಅವಕಾಶವೇ ಇರಲಿಲ್ಲ. ಜೊತೆಗೆ ಚಂದ್ರಯಾನ-1ಕ್ಕೆ ಬಳಸಿದ್ದ ನೌಕೆಯ ಚೌಕಟ್ಟನ್ನೇ ಮಾರ್ಪಡಿಸಿಕೊಂಡದ್ದರಿಂದ ಆಯಾ ವಿಭಾಗದ ಪರಿಣತಿ ನೇರವಾಗಿ ಉಪಯೋಗಕ್ಕೆ ಬಂತು. ಪ್ರಾಜೆಕ್ಟ್ ಮುಗಿದರೂ ಪರಿಣತಿ ಚದುರದೆ ವಿಭಾಗದಲ್ಲೇ ಉಳಿಯುವುದು ಮ್ಯಾಟ್ರಿಕ್ಸ್‌ನ ದೊಡ್ಡ ಲಾಭ.

ಹತ್ತು ಪ್ರಾಜೆಕ್ಟಿಗೂ "ಅತಿ ತುರ್ತು" ಎಂಬ ಮುದ್ರೆ ಒತ್ತಿರುವ ಕಂಪನಿಯಲ್ಲಿ ಈ ಲಾಭ ಸಿಗುವುದಿಲ್ಲ. ಅಲ್ಲಿ ಯಾರ ಧ್ವನಿ ದೊಡ್ಡದೋ ಅವರಿಗೆ ಟೆಸ್ಟರ್ ಸಿಗುತ್ತಾರೆ. ಇದಕ್ಕೆ ಮದ್ದು ಪ್ರಾಜೆಕ್ಟ್ ಶುರುವಾಗುವ ಮುನ್ನ ವಿಭಾಗದ ಮುಖ್ಯಸ್ಥರ ಜೊತೆ ಮಾಡಿಕೊಳ್ಳುವ ಒಂದು ಪುಟದ ಒಪ್ಪಂದ. ಅದರಲ್ಲಿ "ಒಬ್ಬ ಟೆಸ್ಟರ್" ಎಂದು ಬರೆಸಬೇಡಿ, ವ್ಯಕ್ತಿಯ ಹೆಸರು ಬರೆಸಿ. ಶೇಕಡಾ ಬೇಡ, ವಾರಕ್ಕೆ ಎಷ್ಟು ಗಂಟೆ, ಸಾಧ್ಯವಾದರೆ ಯಾವ ದಿನಗಳು ಎಂದಿರಲಿ. ಸೋಮವಾರದಿಂದ ಬುಧವಾರ ಮಧ್ಯಾಹ್ನದವರೆಗೆ ನಮಗೆ ಎಂಬುದು ಶೇ 50ಕ್ಕಿಂತ ಎಷ್ಟೋ ಗಟ್ಟಿ. ವಾಪಸ್ ಕರೆಸಿಕೊಳ್ಳಬೇಕಾದರೆ ಹತ್ತು ಕೆಲಸದ ದಿನದ ಮುನ್ಸೂಚನೆ. ಅಪ್ರೈಸಲ್‌ನಲ್ಲಿ ನಿಮ್ಮ ಅಭಿಪ್ರಾಯಕ್ಕೆ ಶೇ 30ರಿಂದ 40ರಷ್ಟು ತೂಕ. ನಿಮ್ಮಿಬ್ಬರಿಗೂ ಒಮ್ಮತವಾಗದಿದ್ದರೆ ಎರಡು ದಿನದೊಳಗೆ ತೀರ್ಮಾನ ಹೇಳುವವರ ಹೆಸರು. ಈ ಕೊನೆಯ ಸಾಲು ಬಿಟ್ಟುಹೋದರೆ ಉಳಿದದ್ದೆಲ್ಲ ಬರೀ ಕಾಗದ.

ಬಜೆಟ್ ಯಾರ ಕೈಯಲ್ಲಿದೆ ಎಂಬುದನ್ನೂ ಕೇಳಿ. ವಿಭಾಗದ ಕೈಯಲ್ಲಿದ್ದರೆ ಅದು ದುರ್ಬಲ ಮ್ಯಾಟ್ರಿಕ್ಸ್, ಅಂದರೆ ವಿಭಾಗದ ಮಾತೇ ಮೇಲು. ನಿಮ್ಮ ಕೈಯಲ್ಲಿದ್ದರೆ ಪ್ರಬಲ ಮ್ಯಾಟ್ರಿಕ್ಸ್, ನಿಮ್ಮ ಮಾತು ಮೇಲು. 50,000 ರೂಪಾಯಿಯ ಲೈಸೆನ್ಸಿಗೂ ಮೂರು ಸಹಿ ಬೇಕಾದರೆ ವಿಸಿಟಿಂಗ್ ಕಾರ್ಡಿನಲ್ಲಿ ಏನೇ ಇದ್ದರೂ ನೀವು ದುರ್ಬಲ ಮ್ಯಾಟ್ರಿಕ್ಸ್‌ನಲ್ಲಿದ್ದೀರಿ.

ಪ್ರಾಜೆಕ್ಟ್ ಆಧಾರಿತ ರಚನೆಗೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆ ಇದೆ. ರೈಲ್ವೆ ಎಂದರೆ ಸಿವಿಲ್, ವಿದ್ಯುತ್, ಸಿಗ್ನಲ್, ಸಂಚಾರ, ಲೆಕ್ಕಪತ್ರ ಎಂಬ ಇಲಾಖೆಗಳ ಮನೆ. ಕೊಂಕಣ ಮಾರ್ಗಕ್ಕೆ ಆ ದಾರಿ ಬಿಟ್ಟು 1990ರಲ್ಲಿ ಪ್ರತ್ಯೇಕ ನಿಗಮವನ್ನೇ ಕಟ್ಟಿದರು, ಇ. ಶ್ರೀಧರನ್ ಅದರ ಮುಖ್ಯಸ್ಥರು. ಕರ್ನಾಟಕ ಸರ್ಕಾರವೂ ಪಾಲುದಾರ. ರೋಹಾದಿಂದ ಮಂಗಳೂರಿನವರೆಗಿನ ಸುಮಾರು 740 ಕಿಲೋಮೀಟರ್ ದಾರಿಯನ್ನು ಏಳು ವಲಯ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್‌ರನ್ನು ಕೂರಿಸಿದರು. ಕಾರವಾರ, ಉಡುಪಿ ಅವುಗಳಲ್ಲಿ ಎರಡು. ಸುರಂಗ ಕುಸಿದರೆ ಏನು ಮಾಡಬೇಕು ಎಂದು ಐದು ಇಲಾಖೆಗೆ ಕಡತ ಸುತ್ತಿಸಬೇಕಿರಲಿಲ್ಲ. ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರ್ ಉದ್ದದ ಸೇತುವೆಯೂ ಸೇರಿದ ಆ ಮಾರ್ಗ 1998ರ ಜನವರಿಯಲ್ಲಿ ಪೂರ್ತಿ ತೆರೆಯಿತು.

ಇಲ್ಲಿನ ತೊಂದರೆ ಕೊನೆಯ ಹಂತದ್ದು. ಪ್ರಾಜೆಕ್ಟ್ ಮುಗಿದ ಮೇಲೆ ಮರಳಿ ಹೋಗಲು ವಿಭಾಗವಿಲ್ಲದ ಜನ, ಕೆಲಸ ಶೇ 90 ಆಗುವಾಗಲೇ ಬೇರೆ ಕಡೆ ಅರ್ಜಿ ಹಾಕತೊಡಗುತ್ತಾರೆ. ಯಾರೇ ಆದರೂ ಹಾಗೆಯೇ ಮಾಡುತ್ತಾರೆ. ಉಳಿಯುವುದು ಅಂತಿಮ ನಕ್ಷೆಗಳು, ಸಣ್ಣ ದುರಸ್ತಿಗಳು, ಗುತ್ತಿಗೆದಾರರ ಕೊನೆಯ ಬಿಲ್ಲುಗಳು. ಅವನ್ನು ಬಲ್ಲವರು ಅಷ್ಟರಲ್ಲಿ ಹೊರಟಿರುತ್ತಾರೆ. ಆದ್ದರಿಂದ ಮುಗಿಯಲು ಆರು ತಿಂಗಳಿರುವಾಗಲೇ ಒಬ್ಬೊಬ್ಬರ ಜೊತೆ ಕೂತು, ಮುಂದೆ ಎಲ್ಲಿಗೆ, ಯಾವ ತಾರೀಖಿಗೆ ಬಿಡುಗಡೆ ಎಂದು ಮಾತಾಡಿ. ದಾಖಲೆಗಳನ್ನು ಕೊನೆಗೆಂದು ಎತ್ತಿಡದೆ ಪ್ರತಿ ಹಂತದ ಬಿಲ್ ಪಾವತಿಗೆ ಕಟ್ಟಿಹಾಕಿ. ನಕ್ಷೆ ಬಾರದೆ ಹಣ ಹೊರಡಬಾರದು.

ಹೊಸ ಕಡೆ ಸಂದರ್ಶನಕ್ಕೆ ಹೊರಟಿದ್ದರೆ, ಅವರು "ನಿಮಗೇನಾದರೂ ಕೇಳುವುದಿದೆಯೇ" ಎಂದಾಗ ಆ ಟೆಸ್ಟರ್‌ನ ರಜೆ, ಅಪ್ರೈಸಲ್, ವರ್ಗಾವಣೆಯ ಬಗ್ಗೆ ಕೇಳಿ. ಉತ್ತರ ಕೊಡುವ ಮುನ್ನ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆ ಒಂದು ಪುಟದ ಒಪ್ಪಂದವನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಬರೆಸಿಕೊಳ್ಳಿ.